ಸಕಲೇಶಪುರಕ್ಕೆ ಬಾಡಿಗೆ ಕ್ಯಾಂಪಿಂಗ್ ಕಿಟ್ ತಗೊಂಡೋಗಿದ್ವಿ, ಯಾವುದು ಕೆಲಸಕ್ಕೆ ಬಂತು ಯಾವುದು ಬರ್ಲಿಲ್ಲ

ಜನವರಿಲಿ ಸಕಲೇಶಪುರದ ಹತ್ರ ಒಂದು ಕಾಫಿ ತೋಟದಲ್ಲಿ ಎರಡು ರಾತ್ರಿ ಟೆಂಟ್ ಹಾಕ್ಕೊಂಡು ಇದ್ವಿ. ನಾನು, ನಮ್ಮೆಜಮಾನ್ರು, ಒಂಬತ್ತು ವರ್ಷದ ಮಗಳು, ನನ್ನ ತಮ್ಮ. ರಿಸರ್ವ್ ಫಾರೆಸ್ಟ್ ಒಳಗೆ ಪರ್ಮಿಷನ್ ಇಲ್ದೆ ಟೆಂಟ್ ಹಾಕೋ ಹಾಗಿಲ್ಲ, ಅದಕ್ಕೇ ತೋಟದವ್ರನ್ನ ಮೊದಲೇ ಕೇಳಿ ಒಪ್ಪಿಸಿಕೊಂಡಿದ್ವಿ. ಜಾಗ, ಟಾಯ್ಲೆಟ್ಟು, ಬಾವಿ ನೀರು ಅವ್ರದ್ದು, ಮಿಕ್ಕಿದ್ದೆಲ್ಲ ನಮ್ಮ ಕಾರಲ್ಲೇ ಹೋಗ್ಬೇಕು. ಎಲ್ಲಾನೂ ಹೊಸದಾಗಿ ಕೊಂಡ್ಕೊಳ್ಳೋಷ್ಟು ದುಡ್ಡು ಹಾಕೋಕೆ ಮನಸ್ಸು ಬರ್ಲಿಲ್ಲ, ಬೆಂಗಳೂರಲ್ಲೇ ಒಂದು ಅಂಗಡಿಯಿಂದ ಬಾಡಿಗೆಗೆ ತಗೊಂಡ್ವಿ. ನಾಲ್ಕು ಜನದ ಟೆಂಟು, ನಾಲ್ಕು ಸ್ಲೀಪಿಂಗ್ ಬ್ಯಾಗು, ಗ್ಯಾಸ್ ಕ್ಯಾನ್ ಹಾಕೋ ಸ್ಟೌ, ಎರಡು ಹೆಡ್‌ಲ್ಯಾಂಪು, ನಾಲ್ಕು ಮಡಚೋ ಕುರ್ಚಿ. ಮೂರು ದಿನಕ್ಕೆ 3,600 ರೂಪಾಯಿ, ಡೆಪಾಸಿಟ್ 4,000.

ಮೊದಲು ಟೆಂಟಿನ ಬಗ್ಗೆ ಹೇಳ್ತೀನಿ. ಬಟ್ಟೆ ಚೆನ್ನಾಗಿತ್ತು, ಎರಡು ಪದರದ್ದು, ಒಳಗೆ ಜಾಲರಿ ಮೇಲೆ ಹೊದಿಕೆ, ಜಿಪ್ಪುಗಳು ಒಂದೂ ಕೈ ಕೊಡ್ಲಿಲ್ಲ. ಆದ್ರೆ ನಾಲ್ಕು ಜನದ ಟೆಂಟು ಅಂದ್ರೆ ನಾಲ್ಕು ಜನ ಭುಜಕ್ಕೆ ಭುಜ ತಾಗಿಸಿ ಮಲಗೋಷ್ಟು ಅಷ್ಟೇ, ಬ್ಯಾಗು ಚಪ್ಪಲಿ ಎಲ್ಲ ಕಾರಲ್ಲೇ ಬಿಡ್ಬೇಕಾಯ್ತು. ನಾಲ್ಕು ಜನ ಇದ್ರೆ ಆರು ಜನದ್ದನ್ನೇ ಕೇಳಿ. ಬೇಜಾರಾಗಿದ್ದು ಗೂಟಗಳ ವಿಷಯಕ್ಕೆ, ಚೀಲ ಬಿಚ್ಚಿ ಎಣಿಸಿದ್ರೆ ಹದಿನಾಲ್ಕು ಇರ್ಬೇಕಾದಲ್ಲಿ ಒಂಬತ್ತೇ ಇದ್ವು, ಅದ್ರಲ್ಲಿ ಎರಡು ಸೊಟ್ಟ. ಕತ್ತಲಾಗ್ತಾ ಇದೆ, ಗಾಳಿ ಬೇರೆ, ಮಗಳು ಹಸಿವು ಅಂತಿದ್ದಾಳೆ, ಆ ಹೊತ್ತಲ್ಲಿ ಅಂಗಡಿಯವ್ರಿಗೆ ಫೋನ್ ಮಾಡೋಣ ಅಂದ್ರೆ ನೆಟ್‌ವರ್ಕ್ ಇಲ್ಲ. ತೋಟದ ಮೇಸ್ತ್ರಿ ನೋಡ್ಕೊಂಡು ಬಂದವ್ರೇ ಒಣಗಿ ಬಿದ್ದಿದ್ದ ಸಿಲ್ವರ್ ಓಕ್ ಕೊಂಬೆ ತಂದು ಕತ್ತೀಲಿ ಚೂಪು ಮಾಡಿ ಐದು ನಿಮಿಷದಲ್ಲಿ ಗೂಟ ಮಾಡ್ಕೊಟ್ರು. ತಮ್ಮ ಅದನ್ನ ನೆಟ್ಟಗೆ ಹೊಡೀತಿದ್ದ, 'ಹಂಗಲ್ಲ ಕಣಪ್ಪ, ತಲೆ ಟೆಂಟಿಂದ ಆಚೆಗೆ ವಾಲ್ಬೇಕು, ಇಲ್ಲಾಂದ್ರೆ ಹಗ್ಗ ಎಳೆದಂಗೆಲ್ಲ ಕಿತ್ತು ಬರ್ತದೆ' ಅಂತ ಅವ್ರೇ ಹೊಡೆದು ತೋರಿಸಿದ್ರು. ಬೆಳಗ್ಗೆ ನೋಡಿದ್ರೆ ಕಬ್ಬಿಣದ ಗೂಟಗಳಲ್ಲಿ ಎರಡು ಸಡಿಲ ಆಗಿದ್ವು, ಅವ್ರು ಹೊಡೆದಿದ್ದು ಒಂದೂ ಅಲ್ಲಾಡಿರ್ಲಿಲ್ಲ.

ಟೆಂಟಿನ ಕೆಳಗೆ ಹಾಕೋಕೆ ಟಾರ್ಪಾಲು ನಾವೇ ಒಯ್ದಿದ್ವಿ. ಅದು ಟೆಂಟಿಗಿಂತ ದೊಡ್ಡದಿದ್ರೆ ಅಂಚನ್ನ ಒಳಗೆ ಮಡಚಿ ಹಾಕಿ, ಹೊರಗೆ ಚಾಚ್ಕೊಂಡಿದ್ರೆ ಮಳೆ ನೀರಾಗ್ಲಿ ಇಬ್ಬನಿ ನೀರಾಗ್ಲಿ ಅದ್ರ ಮೇಲೆ ಬಿದ್ದು ಸೀದಾ ನಿಮ್ಮ ಬೆನ್ನಿನ ಅಡಿಗೇ ಬರತ್ತೆ.

ಇನ್ನು ಸ್ಲೀಪಿಂಗ್ ಬ್ಯಾಗು, ನಾನು ಇಷ್ಟೆಲ್ಲ ಬರೀತಿರೋದೇ ಇದಕ್ಕೋಸ್ಕರ. ಒಗೆದು ಶುಭ್ರವಾಗಿ ಕೊಟ್ಟಿದ್ರು, ಒಂದು ಚೂರೂ ಕೆಟ್ಟ ವಾಸನೆ ಇರ್ಲಿಲ್ಲ, ಅದಕ್ಕೆ ಅಂಗಡಿಯವ್ರಿಗೆ ಪೂರ್ತಿ ಮಾರ್ಕ್ಸ್. ಚೀಲದ ಮೇಲೆ ದೊಡ್ಡದಾಗಿ 5 ಡಿಗ್ರಿ ಅಂತ ಬರೆದಿತ್ತು, ಸಕಲೇಶಪುರದಲ್ಲಿ ಅಷ್ಟು ಚಳಿ ಎಲ್ಲಿ ಬರತ್ತೆ, ಆರಾಮಾಗಿ ಸಾಕು ಅಂದ್ಕೊಂಡ್ವಿ. ಒಳಗಿನ ಲೇಬಲ್ ಓದಿದ್ರೆ ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್ ಅಂತ ಮೂರು ನಂಬರ್ ಇದ್ವು, ಹೊರಗೆ ಹಾಕಿದ್ದ 5 ಲಿಮಿಟ್ ನಂಬರು, ಅಂದ್ರೆ ಮುದುಡಿಕೊಂಡು ಹೇಗೋ ರಾತ್ರಿ ಕಳೆಯೋ ಲೆಕ್ಕ. ನೀವು ನೋಡ್ಬೇಕಾಗಿದ್ದು ಕಂಫರ್ಟ್ ನಂಬರ್, ಅದು ಯಾವಾಗ್ಲೂ ಲಿಮಿಟ್‌ಗಿಂತ ಕೆಲವು ಡಿಗ್ರಿ ಜಾಸ್ತಿನೇ ಇರತ್ತೆ.

ಮೊದಲ ರಾತ್ರಿ ನಾನೂ ಮಗಳೂ ಮನೆಯಿಂದ ತಂದಿದ್ದ ಗಾಳಿ ತುಂಬೋ ಹಾಸಿಗೆ ಮೇಲೆ ಮಲಗಿದ್ವಿ, ಮೂರು ಗಂಟೆಗೆ ಎಚ್ಚರ ಆದಾಗ ಎದೆ ಬೆಚ್ಚಗಿದೆ ಬೆನ್ನು ಮಾತ್ರ ಐಸ್ ಮೇಲೆ ಇಟ್ಟ ಹಾಗೆ. ಸ್ಲೀಪಿಂಗ್ ಬ್ಯಾಗಿನ ಒಳಗೆ ತುಂಬಿರೋದು ಮೈಭಾರಕ್ಕೆ ಅದುಮಿ ಹೋಗಿರತ್ತೆ, ಕೆಳಗಿನ ಭಾಗ ಇದ್ದೂ ಇಲ್ಲದ ಹಾಗೆ, ಹಾಸಿಗೆ ಒಳಗಿನ ಗಾಳಿ ನೆಲದ ಥಂಡಿಗೆ ತಣ್ಣಗಾಗಿ ಒಳಗೇ ಸುತ್ತುತ್ತಾ ಇರತ್ತೆ. ಹೊರಡುವಾಗ ಅತ್ತೆ ಒಂದು ಕರಿಕಂಬ್ಳಿ ತಂದು ಕೊಟ್ಟಿದ್ರು. ಅವ್ರ ತೌರು ಚಳ್ಳಕೆರೆ ಕಡೆ, ಅಲ್ಲೇ ನೇಯ್ದಿದ್ದು. 'ನೆಲದ ಮೇಲೆ ಮಲಗ್ತೀರ ಅಂದ್ಮೇಲೆ ಇದನ್ನ ತಗಂಡೋಗಮ್ಮ, ಚುಚ್ಚಿದ್ರೂ ಚಿಂತಿಲ್ಲ, ಹೊದ್ಕಂಬಾಕಲ್ಲ ಹಾಸ್ಕಂಬಾಕೆ' ಅಂದಿದ್ರು. ಜಾಗ ಇಲ್ಲ ಅಂತ ಅದನ್ನ ಹಿಂದಿನ ಸೀಟಿನ ಮೇಲೆ ಹಾಕ್ಕೊಂಡು ಬಂದಿದ್ವಿ. ಎದ್ದು ಹೋಗಿ ತಂದು ಎರಡು ಮಡಿಕೆ ಮಾಡಿ ಮೈ ಕೆಳಗೆ ಹಾಕಿದೆ, ಹತ್ತು ನಿಮಿಷಕ್ಕೆ ಮಗಳ ಕಾಲು ಬೆಚ್ಚಗಾಯ್ತು, ಬೆಳಗ್ಗೆ ಏಳೂವರೆ ತನಕ ಎದ್ದಿಲ್ಲ. ಉಣ್ಣೆ ಸ್ವಲ್ಪ ಒದ್ದೆ ಆದ್ರೂ ಬಿಸಿ ಬಿಟ್ಕೊಡಲ್ಲ, ಟೆಂಟಿನ ಮೂಲೇಲಿ ಇಬ್ಬನಿ ನೀರು ತಾಗಿ ಒಂದು ಕಡೆ ನೆನೆದಿದ್ರೂ ಗೊತ್ತಾಗ್ಲಿಲ್ಲ. ಎರಡನೇ ರಾತ್ರಿ ಗಾಳಿ ಹಾಸಿಗೆ ಬಿಚ್ಚಲೇ ಇಲ್ಲ. ಗಂಡಸರಿಬ್ಬರೂ ಮಲಗಿದ್ದು ಯೋಗ ಮಾಡೋ ದಪ್ಪ ಫೋಮ್ ಮ್ಯಾಟ್ ಮೇಲೆ, ಅವ್ರಿಗೆ ಮೊದಲ ರಾತ್ರಿನೂ ತೊಂದ್ರೆ ಆಗಿರ್ಲಿಲ್ಲ.

ಚಳಿ ಅಂತ ಟೆಂಟಿನ ಕಿಟಕಿ ಪೂರ್ತಿ ಮುಚ್ಚಿದ್ವಿ, ಅದೂ ತಪ್ಪು. ನಾಲ್ಕು ಜನದ ಉಸಿರಿನ ಹಬೆ ಹೊರಗೆ ಹೋಗದೆ ಒಳಗಡೆ ಹನಿಗಟ್ಟಿ ಮುಖದ ಮೇಲೆ ತೊಟ್ಟಿಕ್ಕತ್ತೆ, ಮೇಲಿನ ಎರಡೂ ಕಿಂಡಿ ತೆಗೆದಿಟ್ಟ ಮೇಲೆ ಸರಿ ಹೋಯ್ತು. ಚಳಿ ಅಂತ ಕೆಂಡದ ಅಗ್ಗಿಷ್ಟಿಕೆನೋ ಸ್ಟೌನೋ ಟೆಂಟ್ ಒಳಗೆ ಮಾತ್ರ ಇಟ್ಕೋಬೇಡಿ ದಯವಿಟ್ಟು, ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಮಲಗಿದವರಿಗೆ ಎಚ್ಚರಾನೇ ಆಗಲ್ಲ.

ಸ್ಟೌ ಅಂದ್ರೆ ನಮ್ಮ ಗ್ಯಾಸ್ ಒಲೆ ಥರಾನೇ ಚಪ್ಪಟೆ, ಪಕ್ಕದಲ್ಲಿ ಉದ್ದ ಕ್ಯಾನು ಕೂರಿಸೋದು. ಸಂಜೆ ಚೆನ್ನಾಗಿ ಉರೀತು, ಅನ್ನ ಸಾರು ಎರಡೂ ಆಯ್ತು. ಬೆಳಗ್ಗೆ ಕಾಫಿಗೆ ಹಚ್ಚಿದ್ರೆ ಉರಿ ಸಣ್ಣಗಾಗ್ತಾ ಆಗ್ತಾ ಹಾಲು ಕಾಯಿಸೋಕೇ ಇಪ್ಪತ್ತು ನಿಮಿಷ. ಕ್ಯಾನ್ ಮುಟ್ಟಿದ್ರೆ ಫ್ರಿಜ್ಜಿಂದ ತೆಗೆದ ಹಾಗಿತ್ತು, ಮೇಲೆಲ್ಲ ನೀರ ಹನಿ. ಒಳಗಿರೋದು ಬ್ಯುಟೇನು, ಸೊನ್ನೆ ಡಿಗ್ರಿ ಹತ್ರ ಬಂದ್ರೆ ಅದು ಆವಿನೇ ಆಗಲ್ಲ, ಉರೀತಾ ಉರೀತಾ ಕ್ಯಾನು ತನ್ನಷ್ಟಕ್ಕೆ ತಾನೇ ಇನ್ನೂ ತಣ್ಣಗಾಗತ್ತೆ, ಹಾಗಾಗಿ ಹತ್ತು ಹನ್ನೆರಡು ಡಿಗ್ರಿ ಇದ್ರೂ ಎಳೆಯೋಕೆ ಶುರು ಮಾಡತ್ತೆ. ಮಾರನೇ ದಿನ ಹಚ್ಚೋಕೆ ಮುಂಚೆ ಕ್ಯಾನನ್ನ ಸ್ವಲ್ಪ ಹೊತ್ತು ಶಾಲಲ್ಲಿ ಸುತ್ತಿ ಮಡಿಲಲ್ಲಿ ಇಟ್ಕೊಂಡಿದ್ದೆ, ಉರಿ ಸರಿಯಾಗಿ ಬಂತು. ಬೆಂಕಿ ಹತ್ರ ಹಿಡಿದು ಬಿಸಿ ಮಾಡೋಕೆ ಹೋಗ್ಬೇಡಿ, ಬಿಸಿಲಲ್ಲಿ ನಿಂತ ಕಾರಲ್ಲೂ ಬಿಡ್ಬೇಡಿ, 50 ಡಿಗ್ರಿ ಮೇಲೆ ಹೋಗ್ಬಾರ್ದು ಅಂತ ಕ್ಯಾನಿನ ಮೇಲೇ ಬರೆದಿರತ್ತೆ. ನಾವು ಎರಡು ಕ್ಯಾನ್ ತಗೊಂಡಿದ್ವಿ, ಮೂರು ಬೇಕಿತ್ತು. ಅತ್ತೆ ಕೊಟ್ಟಿದ್ದ ಹುರಿದ ರವೆ, ಗೊಜ್ಜವಲಕ್ಕಿ ಪುಡಿ, ಚಟ್ನಿಪುಡಿ ಇದ್ದಿದ್ದಕ್ಕೆ ಗ್ಯಾಸ್ ಅಷ್ಟಕ್ಕೇ ಮುಗೀತು.

ಹೆಡ್‌ಲ್ಯಾಂಪು ಸೂಪರ್, ಕುರ್ಚಿ ಪರವಾಗಿಲ್ಲ.

ಕಾರಿಗೆ ತುಂಬೋ ವಿಷಯ ಒಂದು ಹೇಳ್ಲೇಬೇಕು. ನಮ್ಮದು ವ್ಯಾಗನ್ ಆರ್, ಡಿಕ್ಕಿ ತುಂಬ ಸಾಮಾನು ಒತ್ತಿ ಒತ್ತಿ ತುರುಕಿದ್ವಿ, ಚನ್ನರಾಯಪಟ್ಟಣ ದಾಟಿದ ಮೇಲೆ ಪಂಚರ್. ಸ್ಟೆಪ್ನಿ ಇರೋದು ಡಿಕ್ಕಿಯ ತಳದಲ್ಲಿ. ಹೈವೇ ಪಕ್ಕ, ಲಾರಿಗಳು ಹೋಗ್ತಾ ಇರೋವಾಗ, ಪಾತ್ರೆ ಕುರ್ಚಿ ಅಕ್ಕಿ ಚೀಲ ನೀರಿನ ಕ್ಯಾನು ಒಂದೊಂದೇ ಇಳಿಸಿ ಟಯರ್ ತೆಗೆಯೋಕೇ ಅರ್ಧ ಗಂಟೆ ಹಿಡೀತು, ಮಗಳನ್ನ ರಸ್ತೆಯಿಂದ ದೂರ ಕೂರಿಸ್ಕೊಂಡು ನಾನು ಜೀವ ಕೈಲಿ ಹಿಡ್ಕೊಂಡಿದ್ದೆ. ಬರುವಾಗ ತೋಟದವ್ರ ಹತ್ರ ಎರಡು ಟೊಮೆಟೊ ಕ್ರೇಟ್ ಇಸ್ಕೊಂಡು ಒಂದಕ್ಕೆ ಅಡುಗೆ ಸಾಮಾನು, ಇನ್ನೊಂದಕ್ಕೆ ಮಿಕ್ಕಿದ್ದು ಅಂತ ಹಾಕಿದ್ವಿ, ಎತ್ತಿ ಕೆಳಗಿಟ್ರೆ ಡಿಕ್ಕಿ ಖಾಲಿ. ಜ್ಯಾಕು, ಟಾರ್ಚು, ಔಷಧಿ ಡಬ್ಬಿ ಮುಂದಿನ ಸೀಟಿನ ಕೆಳಗೆ.

ವಾಪಸ್ ಬಂದು ಟೆಂಟನ್ನ ತಾರಸಿ ಮೇಲೆ ಒಣಗಿಸಿಯೇ ಕೊಟ್ವಿ, ಒದ್ದೆ ಮಡಚಿದ್ರೆ ಬೂಷ್ಟು ಹಿಡಿಯತ್ತೆ. ಗೂಟದ ವಿಷಯ ಹೇಳಿದ್ದಕ್ಕೆ ಅಂಗಡಿಯವ್ರು ಸಾರಿ ಕೇಳಿದ್ರು, ಡೆಪಾಸಿಟ್ ಪೂರ್ತಿ ವಾಪಸ್ ಬಂತು, ಬಾಡಿಗೇಲಿ 300 ಬಿಟ್ರು. ಐದಕ್ಕೆ ಮೂರೂವರೆ ಸ್ಟಾರ್ ಕೊಡ್ತೀನಿ. ಮಾರ್ಚಲ್ಲಿ ಕಾಫಿ ಹೂ ಬಿಡೋ ಹೊತ್ತಿಗೆ ಇನ್ನೊಂದ್ಸಲ ಹೋಗ್ತಿದ್ದೀವಿ, ಟೆಂಟು ಕುರ್ಚಿ ಅಲ್ಲಿಂದಾನೇ ತರ್ತೀವಿ, ಗೂಟ ಅಂಗಡೀಲೇ ಎಣಿಸಿ. ಇನ್ನೊಂದು ಕಂಬ್ಳಿಗೆ ಅತ್ತೆ ಊರಿಗೆ ಹೇಳಿ ಕಳಿಸಿದ್ದಾರೆ.