ಮನೆ ಕ್ಯಾಮೆರಾಗೆ 2.4 ಗಿಗಾಹರ್ಟ್ಸ್ ವೈಫೈ ಸಾಕಾ, 5 ಬೇಕಾ? ಎರಡನ್ನೂ ಹಾಕಿ ನೋಡಿದೆ

ಹಿತ್ತಲಿನ ಕ್ಯಾಮೆರಾದ ರೆಕಾರ್ಡಿಂಗ್ ಹಗಲೆಲ್ಲ ಚೆನ್ನಾಗಿರುತ್ತಿತ್ತು. ಸಂಜೆ 7 ದಾಟಿದರೆ ಜರಡಿಯ ಹಾಗೆ ತೂತು ತೂತು. ಕ್ಯಾಮೆರಾನೇ ಕೆಟ್ಟಿದೆ ಅಂದುಕೊಂಡು ಬಿಚ್ಚಿ ತಂದು ರೂಟರ್ ಪಕ್ಕ ಇಟ್ಟೆ. ರಾತ್ರಿಯಿಡೀ ಒಂದು ಸಲವೂ ತಪ್ಪಲಿಲ್ಲ. ಹಾಗಾದರೆ ತಪ್ಪು ಗಾಳಿಯಲ್ಲಿ, ಅಂದರೆ ವೈಫೈನಲ್ಲಿದೆ ಅಂತಾಯಿತು. ಬ್ಯಾಂಡ್ (ವೈಫೈ ಅಲೆಯ ಪಟ್ಟಿ, ಇಲ್ಲಿ 2.4 ಅಥವಾ 5 ಗಿಗಾಹರ್ಟ್ಸ್), ಚಾನೆಲ್ (ಆ ಪಟ್ಟಿಯೊಳಗಿನ ನಂಬರು ಹಾಕಿದ ಓಣಿ) ಎಲ್ಲವನ್ನೂ ಒಂದೊಂದಾಗಿ ಬದಲಿಸಿ ನೋಡಲು ಕೂತೆ.

ನನ್ನ ಹತ್ತಿರ ಇರುವುದು ನಾಲ್ಕು ಕ್ಯಾಮೆರಾ: ಮುಂಬಾಗಿಲು, ಮಹಡಿ, ಹಿತ್ತಲು, ಗೇಟು. ಮೊದಲ ಮೂರು ಎರಡೂ ಬ್ಯಾಂಡ್ ಹಿಡಿಯುತ್ತವೆ. ಗೇಟಿನದು ಬ್ಯಾಟರಿಯದು. ಅದಕ್ಕೆ 2.4 ಬಿಟ್ಟರೆ ಬೇರೆ ಗೊತ್ತೇ ಇಲ್ಲ.

ಮೊದಲು ಮೂರನ್ನೂ 5 ಗಿಗಾಹರ್ಟ್ಸ್‌ಗೆ ಹಾಕಿದೆ. ಮುಂಬಾಗಿಲಿನದು ಹಾರಿಬಿಟ್ಟಿತು. ಆ್ಯಪ್ ಮುಟ್ಟಿದ ಕೂಡಲೇ ಲೈವ್ ಚಿತ್ರ. ಮಹಡಿಯದೂ ಪರವಾಗಿಲ್ಲ. ಹಿತ್ತಲಿನದು ಮಾತ್ರ ಮೊದಲಿಗಿಂತ ಕಡೆ. ನಡುವೆ ಎರಡು ದಪ್ಪ ಗೋಡೆ, ಒಂದು ನೀರಿನ ಟ್ಯಾಂಕ್ ಇವೆ. 5 ಗಿಗಾಹರ್ಟ್ಸ್ ಅಲೆಗೆ ಗೋಡೆ ದಾಟುವುದು 2.4ಕ್ಕಿಂತ ಕಷ್ಟ. ನೀರಂತೂ ಎರಡನ್ನೂ ನುಂಗುತ್ತದೆ.

ಅಲ್ಲೇ ನಿಂತು ಮೊಬೈಲಿನಲ್ಲಿ ಸ್ಪೀಡ್ ನೋಡಿದರೆ ಭರ್ಜರಿಯಾಗಿತ್ತು. ಆ ಪರೀಕ್ಷೆಯನ್ನು ನಂಬಿ ನಾನು ಒಂದು ದಿನ ಹಾಳು ಮಾಡಿದೆ. ಮೊಬೈಲ್ ತೋರಿಸುವುದು ಮೊಬೈಲಿನ ಆಂಟೆನಾ ಕಥೆ, ಅದೂ ನಾವು ಕಣ್ಣು ಹಾಯಿಸುವ ಡೌನ್‌ಲೋಡ್ ಲೆಕ್ಕ. ಕ್ಯಾಮೆರಾ ಮಾಡುವುದು ಅಪ್‌ಲೋಡ್. ಅದರ ಪುಟ್ಟ ಆಂಟೆನಾ ಕೂಗಿದ್ದು ರೂಟರಿಗೆ ಕೇಳಬೇಕು, ಅಲ್ವಾ? 1080ಪಿ ಚಿತ್ರಕ್ಕೆ ಸಾಮಾನ್ಯವಾಗಿ ಸೆಕೆಂಡಿಗೆ 2ರಿಂದ 4 ಮೆಗಾಬಿಟ್ ಸಾಕು. ಆದರೆ ಅಷ್ಟು ಎಡೆಬಿಡದೆ ಸಿಗಬೇಕು. ಹಾಗಾಗಿ ಈಗ ಕ್ಯಾಮೆರಾ ಆ್ಯಪ್‌ನಲ್ಲಿ ಸಿಗ್ನಲ್ ಅಂಕಿಯನ್ನೇ ನೋಡುತ್ತೇನೆ. ಅದರ ಅಳತೆ ಡಿಬಿಎಂ, ಸೊನ್ನೆಗೆ ಹತ್ತಿರವಾದಷ್ಟು ಸಿಗ್ನಲ್ ಜೋರು. ಮೈನಸ್ 65 ಡಿಬಿಎಂ ಇದ್ದರೆ ನಿಶ್ಚಿಂತೆ, 70 ದಾಟಿದರೆ ಅನುಮಾನ, 80 ಅಂದರೆ ಆಸೆ ಬಿಡಬೇಕು.

5ರಲ್ಲಿ ಇನ್ನೊಂದು ಪೇಚಾಟವೂ ಆಯಿತು. ಚಾನೆಲ್ ಆಟೋದಲ್ಲಿತ್ತು, ರೂಟರ್ ತಾನಾಗಿ 100ಕ್ಕೆ ಹೋಗಿ ಕೂತಿತ್ತು. ಒಂದು ಮಧ್ಯಾಹ್ನ ಮೂರೂ ಕ್ಯಾಮೆರಾ ಒಟ್ಟಿಗೆ ಮಾಯ. ರೂಟರಿನ ಲಾಗ್ (ಅದು ಬರೆದಿಡುವ ದಿನಚರಿ) ತೆಗೆದರೆ ‘ರಾಡಾರ್’ ಅಂತ ಬರೆದಿದೆ! 52ರಿಂದ 144ರವರೆಗಿನ ಚಾನೆಲ್‌ಗಳನ್ನು ರಾಡಾರ್‌ಗಳೂ ಬಳಸುತ್ತವೆ. ರಾಡಾರ್ ಸದ್ದು ಕೇಳಿದರೆ ರೂಟರ್ ಜಾಗ ಖಾಲಿ ಮಾಡಲೇಬೇಕು. ಅಂಥ ಇನ್ನೊಂದು ಚಾನೆಲ್‌ಗೆ ಹೋಗುವ ಮುಂಚೆ ಕನಿಷ್ಠ 60 ಸೆಕೆಂಡ್ ಸುಮ್ನೆ ಕಿವಿಗೊಟ್ಟು ಕೂರಬೇಕು. ಸಿನಿಮಾ ನೋಡುವವರಿಗೆ ಒಂದು ನಿಮಿಷ ದೊಡ್ಡದಲ್ಲ, ಕಾವಲಿಗೆ ದೊಡ್ಡದು. ಕೆಲವು ಕ್ಯಾಮೆರಾಗಳಿಗಂತೂ ಈ ಚಾನೆಲ್‌ಗಳು ಕಾಣುವುದೇ ಇಲ್ಲ. 36ಕ್ಕೆ ಕಟ್ಟಿಹಾಕಿದ ಮೇಲೆ ಆ ಕಾಟ ನಿಂತಿತು. 149ರ ಮೇಲಿನವೂ ಇವೆ. ಕೆಲವು ದೇಶಗಳಲ್ಲಿ ಅಲ್ಲಿ ರೂಟರ್ ಇನ್ನೂ ಜೋರಾಗಿ ಕೂಗಬಹುದು. ಆದರೆ ರೂಟರ್ ಗಂಟಲು ದೊಡ್ಡದಾದರೆ ಕ್ಯಾಮೆರಾ ಗಂಟಲು ದೊಡ್ಡದಾಗುತ್ತದಾ?

ಮುಂದಿನ ವಾರ ಎಲ್ಲವನ್ನೂ 2.4ಕ್ಕೆ ತಂದೆ. ಇಲ್ಲಿ ನಾನು ಬುದ್ಧಿವಂತ ಅಂದುಕೊಂಡು ಮೋಸಹೋದೆ. ವೈಫೈ ತೋರಿಸುವ ಆ್ಯಪ್‌ನಲ್ಲಿ ಅಕ್ಕಪಕ್ಕದವರೆಲ್ಲ 1, 6, 11ರಲ್ಲಿ ಗುಂಪುಗಟ್ಟಿದ್ದರು. 3 ಖಾಲಿ. ‘ಇವರಿಗೆ ಗೊತ್ತೇ ಆಗಿಲ್ಲವಲ್ಲ’ ಅಂತ 3ಕ್ಕೆ ಹೋಗಿ ಕೂತೆ. ಆ ಸಂಜೆಯ ರೆಕಾರ್ಡಿಂಗ್ ಅಷ್ಟೂ ದಿನಗಳಲ್ಲೇ ಹದಗೆಟ್ಟದ್ದು.

ಕಾರಣ ಇಷ್ಟೇ. ಚಾನೆಲ್ ನಂಬರುಗಳ ನಡುವೆ ಇರುವುದು 5 ಮೆಗಾಹರ್ಟ್ಸ್, ಆದರೆ ಒಂದು ವೈಫೈ ಹರಡಿಕೊಳ್ಳುವುದು 20. ಒಂದೇ ಚಾನೆಲ್‌ನಲ್ಲಿರುವ ರೂಟರ್‌ಗಳು ಒಬ್ಬರ ಮಾತು ಮುಗಿಯಲಿ ಅಂತ ಇನ್ನೊಬ್ಬರು ಕಾಯುತ್ತವೆ. ಸರತಿ ಉದ್ದವಾದರೂ ಸರತಿ ಅನ್ನುವುದೊಂದು ಇರುತ್ತದೆ. 3ರಲ್ಲಿ ಕೂತರೆ 1 ಮತ್ತು 6, ಎರಡರ ಗಲಾಟೆಯೂ ಪಕ್ಕದ ಕೋಣೆಯ ಟಿವಿಯ ಹಾಗೆ ಬೀಳುತ್ತಿರುತ್ತದೆ. ಮಾತು ಅರ್ಥವಾಗದು, ಸದ್ದು ತಪ್ಪದು. ನಾವು ಅವರಿಗೂ ಅದೇ ತೊಂದರೆ ಕೊಡುತ್ತಿರುತ್ತೇವೆ.

ಸರಿ, 1, 6, 11. ಮೂರನ್ನೂ ಎರಡೆರಡು ಸಂಜೆ ನೋಡಿದೆ. ಹಗಲು ನೋಡಿ ಪ್ರಯೋಜನವಿಲ್ಲ, ಜನ ಮನೆಗೆ ಬಂದ ಮೇಲೆಯೇ ಗದ್ದಲ. ನನ್ನ ಸುತ್ತ 6 ಕಿಕ್ಕಿರಿದಿತ್ತು. 11 ಚೆನ್ನಾಗಿತ್ತು, ಆದರೆ ಮೈಕ್ರೋವೇವ್ ಓಡಿದಾಗ ಚಿತ್ರ ನಿಲ್ಲುತ್ತಿತ್ತು. ಆ ಒಲೆ ಕೆಲಸ ಮಾಡುವುದು 2.45 ಗಿಗಾಹರ್ಟ್ಸ್ ಆಸುಪಾಸಿನಲ್ಲಿ. 6 ಮತ್ತು 11 ಅದರ ಎರಡು ಪಕ್ಕದಲ್ಲಿವೆ, 1 ಸ್ವಲ್ಪ ದೂರ. ನನಗೆ 1 ಗೆದ್ದಿತು. ನಿಮ್ಮಲ್ಲಿ ಬೇರೆ ಗೆಲ್ಲಬಹುದು. ಅಗಲ ಮಾತ್ರ 20 ಮೆಗಾಹರ್ಟ್ಸ್‌ಗೇ ಇಡಿ. 2.4ರಲ್ಲಿ 40 ಹಾಕಿದರೆ ಅರ್ಧ ಬೀದಿಗೆ ಅಡ್ಡ ನಿಂತ ಹಾಗೆ.

ಹುಡುಕದೆ ಸಿಕ್ಕಿದ್ದು ಒಂದಿದೆ. ರೆಕಾರ್ಡಿಂಗ್ ತುಂಬಲು ರೂಟರ್ ಬೆನ್ನಿಗೆ ಯುಎಸ್‌ಬಿ 3 ಹಾರ್ಡ್ ಡಿಸ್ಕ್ ಚುಚ್ಚಿದ್ದೆ. ಯುಎಸ್‌ಬಿ 3 ಓಡುವಾಗ ಹೊರಡಿಸುವ ಸದ್ದು ಸರಿಯಾಗಿ 2.4 ಮೇಲೆಯೇ ಬೀಳುತ್ತದಂತೆ. ಉದ್ದ ಕೇಬಲ್ ಹಾಕಿ ದೂರ ಇಟ್ಟೆ. ಯಾವ ಚಾನೆಲ್ ಬದಲಾವಣೆಗಿಂತಲೂ ಜಾಸ್ತಿ ಲಾಭ ಕೊಟ್ಟದ್ದು ಇದೇ, ಕೋಪವೂ ಬಂತು.

ಈಗ ಮುಂಬಾಗಿಲು, ಮಹಡಿ 5ರ 36ರಲ್ಲಿ. ಹಿತ್ತಲು, ಗೇಟು 2.4ರ 1ರಲ್ಲಿ. ಹತ್ತಿರದವನ್ನು 5ಕ್ಕೆ ಕಳಿಸಿದ್ದು ವೇಗಕ್ಕಲ್ಲ. ದೂರದ ಕ್ಯಾಮೆರಾ ನಿಧಾನವಾಗಿ ಮಾತಾಡುತ್ತದೆ, ಅದೇ ವಿಷಯಕ್ಕೆ ಗಾಳಿಯನ್ನು ಜಾಸ್ತಿ ಹೊತ್ತು ಹಿಡಿದಿರುತ್ತದೆ. ಅದಕ್ಕೆ ಜಾಗ ಬಿಡಬೇಕಿತ್ತು. ಎರಡೂ ಬ್ಯಾಂಡ್‌ಗೆ ಬೇರೆ ಬೇರೆ ಹೆಸರು ಇಟ್ಟಿದ್ದೇನೆ, ಇಲ್ಲದಿದ್ದರೆ ಹಿತ್ತಲಿನದು ಆಗಾಗ 5ಕ್ಕೆ ಜಿಗಿದು ಬೀಳುತ್ತಿತ್ತು. ಆಟೋ ಎರಡರಲ್ಲೂ ಬಂದ್. ಜೊತೆಗೆ ಎಲ್ಲದರಲ್ಲೂ ಎಸ್‌ಡಿ ಕಾರ್ಡ್ ಇದೆ, ವೈಫೈ ಕಡಿದರೂ ಚಿತ್ರ ಉಳಿಯಲಿ ಅಂತ.

ಗೇಟಿನದು ಇನ್ನೂ ಮೈನಸ್ 74ರಲ್ಲಿ ತೆವಳುತ್ತಿದೆ. ಅದಕ್ಕೆ ಚಾನೆಲ್ ಬದಲಿಸಿ ಫಲವಿಲ್ಲ. ಕೇಬಲ್ ಎಳೆದು ಆ ಕಡೆ ಒಂದು ಆಕ್ಸೆಸ್ ಪಾಯಿಂಟ್ (ಕೇಬಲ್‌ನಲ್ಲಿ ಬಂದದ್ದನ್ನು ಅಲ್ಲಿ ವೈಫೈ ಆಗಿ ಹರಡುವ ಪೆಟ್ಟಿಗೆ) ಇಟ್ಟು, ಅದನ್ನು 11ಕ್ಕೆ ಹಾಕಬೇಕು. ಮೈಕ್ರೋವೇವ್ ಅಲ್ಲಿಗೆ ಬಲು ದೂರ. ಗೋಡೆ ಕೊರೆಯಲು ಮಾತ್ರ ಇನ್ನೂ ಮನಸ್ಸು ಬಂದಿಲ್ಲ.