ಒಂದೇ ವರ್ಷ ಹುಟ್ಟಿದ ಎರಡು ದೊಡ್ಡಮನೆ ಕಥೆಗಳು

ದೊಡ್ಡಮನೆ ಕಥೆ ಅಂದರೆ ನನಗೆ ಮೊದಲಿನಿಂದಲೂ ಹುಚ್ಚು. ಎಕರೆಗಟ್ಟಲೆ ಹತ್ತಿ ಹೊಲ, ಕೂಡಿಬರದ ಪ್ರೀತಿ, ಮನೆಯವರು ಬಾಯಿಬಿಡದ ಗುಟ್ಟು. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ನಡೆಯುವ ಇಂಥ ಎರಡು ಕಾದಂಬರಿಗಳನ್ನು ಈ ಮಳೆಗಾಲದಲ್ಲಿ ಒಂದಾದ ಮೇಲೊಂದು ಓದಿದೆ: ಮಾರ್ಗರೆಟ್ ಮಿಚೆಲ್ ಅವರ ‘ಗಾನ್ ವಿತ್ ದ ವಿಂಡ್’, ವಿಲಿಯಂ ಫಾಕ್ನರ್ ಅವರ ‘ಆಬ್ಸಲಮ್, ಆಬ್ಸಲಮ್!’. ಎರಡೂ 1936ರಲ್ಲಿ ಬಂದವು. ಎರಡರಲ್ಲೂ ಗುಲಾಮಗಿರಿಯ ವಿಷಯಕ್ಕೆ ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳು ಕಾದಾಡಿದ ಅಂತರ್ಯುದ್ಧ ಇದೆ, ಬೇರೆ ಕಡೆಯಿಂದ ಬಂದು ಜಮೀನ್ದಾರನಾದ ಅಪ್ಪ ಇದ್ದಾನೆ. ಓದೋ ಅನುಭವ ಮಾತ್ರ ಪೂರ್ತಿ ಬೇರೆ.

ಮಿಚೆಲ್ ಪುಸ್ತಕ ಸಾವಿರ ಪುಟ ದಾಟುತ್ತದೆ, ಆದರೂ ಬಸ್ಸಿನಲ್ಲಿ ನಿಂತುಕೊಂಡೇ ಓದಬಹುದು. ಯುದ್ಧ ಮುಗಿದು ಮನೆ ಬರಿದಾಗಿದೆ, ತೆರಿಗೆಗೆ 300 ಡಾಲರ್ ಬೇಕು. ನಾಯಕಿ ಸ್ಕಾರ್ಲೆಟ್ ಅಮ್ಮನ ಕಾಲದ ಹಸಿರು ಮಖಮಲ್ ಪರದೆಯನ್ನೇ ಇಳಿಸಿ ಉಡುಪು ಹೊಲಿಸಿಕೊಂಡು, ಜೈಲಿನಲ್ಲಿರುವ ಹಣವಂತ ರೆಟ್ ಬಟ್ಲರ್ ಹತ್ತಿರ ಸಾಲಕ್ಕೆ ಹೋಗುತ್ತಾಳೆ. ಸುಖವಾಗಿದ್ದೇನೆ ಅಂತ ನಟಿಸುತ್ತಾಳೆ. ಅವನು ಅವಳ ಅಂಗೈ ತಿರುಗಿಸಿ ನೋಡುತ್ತಾನೆ. ಹೊಲದ ಕೆಲಸಕ್ಕೆ ಬೊಬ್ಬೆ ಎದ್ದು ಒರಟಾದ ಕೈ! ಅಲ್ಲಿಗೆ ನಾಟಕ ಮುಗಿಯಿತು. ಇಂಥ ಜಾಗದಲ್ಲಿ ಪುಸ್ತಕ ಮುಚ್ಚಲು ಮನಸ್ಸು ಬರುತ್ತದಾ?

ಫಾಕ್ನರ್ ನನ್ನನ್ನು ಎರಡು ಸಲ ಓಡಿಸಿದ, ಮೂರನೇ ಸಲ ಹಿಡಿದು ಕೂರಿಸಿದ. ಮೊದಲ ಪುಟದಲ್ಲೇ 43 ಬೇಸಿಗೆಗಳಿಂದ ಕಿಟಕಿ ತೆರೆಯದ ಕೋಣೆ. ಅದರಲ್ಲಿ ಕಪ್ಪು ಬಟ್ಟೆಯ ಮುದುಕಿ ರೋಸಾ, ಎತ್ತರದ ಕುರ್ಚಿಯಲ್ಲಿ ಕಾಲು ನೆಲಕ್ಕೆ ತಾಗದೆ ಮಗುವಿನಂತೆ ಕೂತಿದ್ದಾಳೆ. ವಾಕ್ಯಗಳು ಮುಗಿಯುವುದೇ ಇಲ್ಲ. ಆಮೇಲೆ ಗೊತ್ತಾಯಿತು, ಇದು ಮದುವೆಮನೆ ಮೂಲೆಯಲ್ಲಿ ಅಜ್ಜಿಯರು ಹಳೇ ಜಗಳ ಹೇಳೋ ರೀತಿ. ಹೇಳಿದ್ದನ್ನೇ ಹೇಳುತ್ತಾರೆ, ಪ್ರತಿ ಸಲವೂ ಒಂದು ಚೂರು ಜಾಸ್ತಿ ಬಿಚ್ಚುತ್ತಾರೆ. ತಂಗಿಯನ್ನು ಮದುವೆಯಾಗಬೇಕಿದ್ದವನನ್ನು ಅಣ್ಣ ಮನೆಯ ಗೇಟಿನ ಹತ್ತಿರವೇ ಕೊಂದ ಅಂತ ಶುರುವಿನಲ್ಲೇ ತಿಳಿಯುತ್ತದೆ. ಯಾಕೆ ಕೊಂದ ಅನ್ನೋದಕ್ಕೆ ಉಳಿದ ಪುಸ್ತಕವೆಲ್ಲ ಬೇಕು.

ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಯಾರು ಯಾರ ಮಗ ಅಂತ ಗೊಂದಲವಾಗಿ, ಪುಸ್ತಕದ ಕೊನೆಯಲ್ಲಿದ್ದ ವಂಶಾವಳಿ ತೆರೆದೆ. ಅರ್ಧ ಗುಟ್ಟು ಅಲ್ಲೇ ಒಂದು ಸಾಲಿನಲ್ಲಿ ಕೂತಿತ್ತು!

ಪ್ರೇಮಕ್ಕೆ ಮಿಚೆಲ್, ಗುಟ್ಟಿಗೆ ಫಾಕ್ನರ್, ಇದರಲ್ಲಿ ನನಗೆ ಅನುಮಾನವಿಲ್ಲ. ಕಾಲೇಜಿನಲ್ಲಿ ಮಿಚೆಲ್ ಓದಿದಾಗ ನಾನು ಗಮನಿಸದ ಒಂದು ವಿಷಯ ಈ ಸಲ ಗಂಟಲಲ್ಲಿ ಸಿಕ್ಕಿಕೊಂಡಿತು. ಗುಲಾಮರು ಒಡೆಯರ ನೆರಳಲ್ಲಿ ಸಂತೋಷವಾಗಿದ್ದರು ಎಂಬಂತೆ ಆಕೆ ಬರೆಯುತ್ತಾರೆ. ಆ ಸಿರಿವಂತಿಕೆ ಯಾರ ಬೆವರು ಅಂತ ಕಥೆ ಕೇಳುವುದೇ ಇಲ್ಲ. ಫಾಕ್ನರ್‌ನಲ್ಲಿ ಮನೆ ಬೀಳುವುದೇ ಅಲ್ಲಿಂದ, ಚರ್ಮದ ಬಣ್ಣದಿಂದ.

ತಂಗಿ ರಜೆಗೆ ಓದಲು ಏನಾದರೂ ಕೊಡು ಅಂದಳು. ಸುಮ್ನೆ ಮಿಚೆಲ್ ಕೊಟ್ಟು ಕಳಿಸಿದೆ. ಇನ್ನೊಂದನ್ನೂ ಕೇಳಿದರೆ ಕೊಡುತ್ತೇನೆ, ಕೊನೆಯ ಪುಟಗಳಿಗೆ ಪಿನ್ ಹೊಡೆದು.