ಸೈನಿಕನ ಅಳತೆಯ ಕೋಟು, ನನ್ನ ಅಳತೆಯ ಮೈ

ಫೋಟೋ ನೋಡಿ ಕೊಂಡ ಹಳೆಯ ಸೈನಿಕ ಕೋಟು ಬಂತು. ಪೊಟ್ಟಣ ಬಿಚ್ಚಿ, ತೊಟ್ಟು, ಕನ್ನಡಿಯ ಮುಂದೆ ನಿಂತೆ. ತೋಳಿನ ತುದಿಯಿಂದ ನನ್ನ ಬೆರಳುಗಳು ಮಾತ್ರ ಇಣುಕುತ್ತಿದ್ದವು. ತಂಗಿ ಒಂದು ಸುತ್ತು ಹಾಕಿ ನೋಡಿ, "ಅಕ್ಕಾ, ಒಳಗೆ ಇನ್ನೊಬ್ಬರಿಗೆ ಜಾಗವಿದೆ" ಎಂದಳು. ತಪ್ಪು ಕೋಟಿನದಲ್ಲ. ಒಳಗೆ ಹೊಲಿದ ಅಳತೆಯ ಚೀಟಿಯನ್ನು ಓದಿಯೂ ಅರ್ಥ ಮಾಡಿಕೊಳ್ಳದ ನನ್ನದು.

ಇದು ಅಮೆರಿಕದ ಸೈನ್ಯದ ಎಂ-65, ಅಂದರೆ 1965ರಲ್ಲಿ ಬಂದ ಮಾದರಿಯ ಫೀಲ್ಡ್ ಜಾಕೆಟ್. ಹೆಸರಿಗೆ ಜಾಕೆಟ್, ನನ್ನ ಮೈಮೇಲೆ ಕೋಟು. ಹತ್ತಿ ಮತ್ತು ನೈಲಾನ್ ಬೆರೆತ ದಪ್ಪ ಬಟ್ಟೆ, ಮುಂದೆ ನಾಲ್ಕು ಜೇಬು, ಕಾಲರಿನೊಳಗೆ ಜಿಪ್ ಹಾಕಿ ಮುಚ್ಚಿಟ್ಟ ತೆಳು ಟೋಪಿ. ಬಣ್ಣಕ್ಕೆ ಓಜಿ-107 ಎಂದು ಹೆಸರು. ನಾನು ಅದನ್ನು ಒಣಗುತ್ತಿರುವ ಎಲೆಯ ಹಸಿರು ಎನ್ನುತ್ತೇನೆ.

ಚೀಟಿಯಲ್ಲಿ ಮೀಡಿಯಂ ರೆಗ್ಯುಲರ್ ಎಂದಿತ್ತು. ಎದೆ 37ರಿಂದ 41 ಇಂಚು, ಎತ್ತರ 67ರಿಂದ 71 ಇಂಚು. ನನ್ನ ಎದೆ 35, ಎತ್ತರ 63. ಎರಡು ಇಂಚು ಹೆಚ್ಚಾದರೇನು, ಒಳಗೆ ಸ್ವೆಟರ್ ತೊಟ್ಟರಾಯಿತು ಎಂದುಕೊಂಡೆ. ಆದರೆ ಆ ಅಂಕಿಗಳು ಕೋಟಿನವಲ್ಲ, ಅದನ್ನು ತೊಡಬೇಕಾದ ಸೈನಿಕನ ಮೈಯವು. ಅಂಗಿ, ಸ್ವೆಟರ್, ಅದರ ಮೇಲೆ ಗುಂಡಿಗಳಿಗೆ ಸಿಕ್ಕಿಸುವ ಒಂದು ಒಳಪದರ, ಇಷ್ಟೂ ಒಳಗೆ ಹಿಡಿಯಬೇಕೆಂದು ಹೊಲಿದ ಬಟ್ಟೆ ಇದು. ಸ್ವೆಟರಿನ ಜಾಗವನ್ನು ಹೊಲಿದವರೇ ಬಿಟ್ಟಿದ್ದರು. ಅದರ ಮೇಲೆ ನಾನೂ ಬಿಟ್ಟೆ. ಟೇಪು ಹಿಡಿದರೆ ಕಂಕುಳಿನಿಂದ ಕಂಕುಳಿಗೆ 24 ಇಂಚು, ಅಂದರೆ ಸುತ್ತಳತೆ 48. ನನಗೆ ಬೇಕಿದ್ದದ್ದು ಸ್ಮಾಲ್ ಶಾರ್ಟ್.

ಮಾರಿದವರ ಬಗ್ಗೆ ಹೆಚ್ಚು ದೂರಿಲ್ಲ. ಫೋಟೋಗಳು ಪ್ರಾಮಾಣಿಕವಾಗಿದ್ದವು, ಮೊಣಕೈಯ ಸವೆತವನ್ನೂ ಜೇಬಿನ ಮಸಿ ಕಲೆಯನ್ನೂ ಮುಚ್ಚಿಟ್ಟಿರಲಿಲ್ಲ. ಭುಜ, ಕಂಕುಳು, ತೋಳು, ಬೆನ್ನಿನ ಉದ್ದ, ಈ ನಾಲ್ಕು ಅಳತೆಗಳನ್ನು ಬರೆದು ಕೇಳದೆ ಇದ್ದವಳು ನಾನೇ. ಒಳಪದರ ಮಾತ್ರ ಲಾರ್ಜ್ ಅಳತೆಯದು ಬಂದಿದೆ. ಗುಂಡಿಗಳಿಗೆ ಸಿಕ್ಕಿಸಿದರೆ ಅಲ್ಲಲ್ಲಿ ಉಬ್ಬುತ್ತದೆ, ಕೆಳಗಿನಿಂದ ಎರಡು ಬೆರಳಿನಷ್ಟು ಹೊರಗೆ ಇಣುಕುತ್ತದೆ. ಅದನ್ನು ವಿವರಣೆಯಲ್ಲಿ ಬರೆಯಬೇಕಿತ್ತು.

ಕಾಲದ ವಿಷಯದಲ್ಲೂ ಮೋಸವಾಗಿಲ್ಲ. ಚೀಟಿಯಲ್ಲಿ ಡಿಎಸ್‌ಎ 100-69-ಸಿ ಎಂದು ಶುರುವಾಗುವ ಗುತ್ತಿಗೆ ಸಂಖ್ಯೆ ಇದೆ. ಮೊದಲ ಅಕ್ಷರಗಳು ಸೈನ್ಯಕ್ಕೆ ಖರೀದಿ ಮಾಡುತ್ತಿದ್ದ ಸಂಸ್ಥೆಯ ಹೆಸರಿನವು. ನಡುವಿನ 69 ಗುತ್ತಿಗೆ ಕೊಟ್ಟ ಹಣಕಾಸು ವರ್ಷ. ಡಿಎಸ್‌ಎ ಬದಲು ಡಿಎಲ್‌ಎ ಎಂದಿದ್ದರೆ ಅದು 1977ರ ನಂತರದ್ದು, ಏಕೆಂದರೆ ಖರೀದಿ ಮಾಡುತ್ತಿದ್ದ ಸಂಸ್ಥೆಯ ಹೆಸರೇ ಆ ವರ್ಷ ಬದಲಾಯಿತು. ಡಿಎಲ್‌ಎ ಚೀಟಿಯ ಕೋಟನ್ನು ಅಷ್ಟರಲ್ಲಿ ಮುಗಿದೇ ಹೋಗಿದ್ದ ವಿಯೆಟ್ನಾಂ ಯುದ್ಧದ್ದೆಂದು ಮಾರುವವರು ಇದ್ದಾರೆ. ಚೀಟಿಯ ಫೋಟೋ ಕೇಳಿ. ಕೊಡದಿದ್ದರೆ ಮುಂದಕ್ಕೆ ಹೋಗಿ.

ಮುಗ್ಗುಲು ವಾಸನೆ ಹೋಗಲು ನೆರಳಿನಲ್ಲಿ ಐದು ದಿನ ಹಿಡಿಯಿತು. ಆಮೇಲೆ ತಣ್ಣೀರಿನಲ್ಲಿ ಒಗೆದೆ. ತಣ್ಣೀರೇ ಏಕೆಂದರೆ, ಹಿಂದೊಮ್ಮೆ ಉಣ್ಣೆಯ ಸೈನಿಕ ಕೋಟೊಂದನ್ನು ಬಿಸಿನೀರಿಗೆ ಹಾಕಿ ಕಂಬಳಿಯ ತುಂಡು ಮಾಡಿಕೊಂಡವಳು ನಾನು. ಆ ಕಥೆ ಇಲ್ಲಿ ಬೇಡ.

ಇನ್ನು ದರ್ಜಿಯ ಕೆಲಸ. ಮೊದಲು ತೋರಿಸಿದವರು ಕೋಟನ್ನು ಎತ್ತಿ ಹಿಡಿದು, ಬೆನ್ನಿನ ಎರಡೂ ಬದಿಯ ಮಡಿಕೆಗಳನ್ನು ಹೊಲಿದು ಮುಚ್ಚಿದರೆ ಅಗಲ ಒಂದೇ ಏಟಿಗೆ ಕಡಿಮೆಯಾಗುತ್ತದೆ ಎಂದರು. ನಿಜ, ಕಡಿಮೆಯಾಗುತ್ತದೆ. ಆದರೆ ಕೈ ಮುಂದೆ ಚಾಚಿದಾಗ ಬೆನ್ನು ಬಿಗಿಯದಿರಲೆಂದೇ ಇಟ್ಟ ಮಡಿಕೆಗಳು ಅವು. ಹೊಲಿದುಬಿಟ್ಟರೆ ನಿಂತಾಗ ಚೆಂದ, ಮೇಲಿನ ಕಪಾಟಿಗೆ ಕೈ ಹಾಕಿದಾಗ ಸಂಕೋಲೆ. ಕೋಟನ್ನು ಎತ್ತಿಕೊಂಡು ಹೊರಬಂದೆ.

ಎರಡನೆಯವರು ಹಿರಿಯರು. ಕೋಟನ್ನು ಒಳಗು ಹೊರಗು ಮಾಡಿ ಸೊಂಟದ ದಾರವನ್ನು ತೋರಿಸಿದರು. "ಇದನ್ನು ಎಳೆದು ಕಟ್ಟಿದರೆ ಸಾಕಲ್ಲಮ್ಮ, ಪಕ್ಕದ ಹೊಲಿಗೆ ಏಕೆ ಬಿಚ್ಚಬೇಕು?" ಎಂದು ಕೇಳಿದರು. ಕೆಳಗಿನ ಜೇಬುಗಳು ಪಕ್ಕದ ಹೊಲಿಗೆಗೆ ಹತ್ತಿರವೇ ಇವೆ. ಅಲ್ಲಿ ಹೆಚ್ಚು ಹಿಡಿದರೆ ಜೇಬು ಬೆನ್ನಿನ ಕಡೆಗೆ ಸರಿಯುತ್ತದೆ. ಭುಜವನ್ನೂ ಮುಟ್ಟಬೇಡಿ ಎಂದರು. ಭುಜಪಟ್ಟಿ ಬಿಚ್ಚಿ, ತೋಳು ಬಿಚ್ಚಿ, ಮತ್ತೆ ಕೂರಿಸುವ ಶ್ರಮಕ್ಕೆ ಹೊಸ ಕೋಟೇ ಹೊಲಿಯಬಹುದಂತೆ. ಹಾಗಾಗಿ ಭುಜದ ಹೊಲಿಗೆ ಈಗಲೂ ನನ್ನ ಭುಜದಿಂದ ಒಂದು ಇಂಚು ಕೆಳಗೆ ಜೋತಿದೆ. ಇದ್ದುಕೊಳ್ಳಲಿ.

ಕತ್ತರಿ ಬಿದ್ದದ್ದು ತೋಳಿಗೆ ಮಾತ್ರ. ಅದೂ ಸುಲಭವಿರಲಿಲ್ಲ. ತೋಳಿನ ತುದಿಯಲ್ಲಿ ವೆಲ್ಕ್ರೋ ಪಟ್ಟಿಯೂ ಅಂಗೈಯ ಹಿಂಭಾಗ ಮುಚ್ಚುವ ತ್ರಿಕೋನದ ತುಂಡೂ ಇರುವುದರಿಂದ ಸುಮ್ಮನೆ ಒಳಕ್ಕೆ ಮಡಿಸಿ ಹೊಲಿಯುವಂತಿಲ್ಲ. ಅವರು ಒಳಪದರವನ್ನು ತೊಡಿಸಿಯೇ ಪಿನ್ನು ಚುಚ್ಚಿದರು. ಅದಿಲ್ಲದೆ ಅಳೆದಿದ್ದರೆ, ಚಳಿಯ ದಿನ ಅದನ್ನು ತೊಟ್ಟಾಗ ತೋಳು ಮಣಿಕಟ್ಟಿನ ಮೇಲಕ್ಕೆ ಏರುತ್ತಿತ್ತು. ಮುಂಗೈ ಮಡಚಿಸಿ ಒಮ್ಮೆ, ಚಾಚಿಸಿ ಒಮ್ಮೆ ಗುರುತು ಹಾಕಿದರು. ಒಂದೂವರೆ ಇಂಚು ತೆಗೆದು, ಪಟ್ಟಿಯನ್ನು ಮೇಲೆ ಸರಿಸಿ ಹೊಲಿದರು. ತೋಳು ತುದಿಗೆ ಕಿರಿದಾಗುತ್ತಾ ಬರುವುದರಿಂದ ಕತ್ತರಿಸಿದ ಬಾಯಿ ಮೊದಲಿಗಿಂತ ಅಗಲವಾಯಿತು. ವೆಲ್ಕ್ರೋ ಬಿಗಿದರೆ ಅದು ತಿಳಿಯುವುದಿಲ್ಲ. ಬಿಚ್ಚಿ ತೆಗೆದ ತ್ರಿಕೋನಗಳು ಲಕೋಟೆಯೊಂದರಲ್ಲಿವೆ. ಒಳಪದರದ ತೋಳನ್ನೂ ಅಷ್ಟೇ ಮೊಟಕು ಮಾಡಬೇಕೆಂಬುದು ಮಾತ್ರ ಇಬ್ಬರಿಗೂ ಮರೆತುಹೋಯಿತು. ಇನ್ನೊಮ್ಮೆ ಹೋಗಬೇಕಾಯಿತು.

ತೋಳಿನಲ್ಲಿ ಪಟ್ಟಿ ಕಿತ್ತ ಜಾಗದಲ್ಲಿ ಬಿಸಿಲು ಕಾಣದ ಗಾಢ ಹಸಿರು, ಅದರ ಸುತ್ತ ಸೂಜಿಯ ತೂತುಗಳ ಸಾಲು. ಎದೆಯ ಮೇಲೂ ಅಂಥದೇ ಗುರುತಿದೆ: ಸೈನಿಕನ ಹೆಸರುಪಟ್ಟಿಯನ್ನು ಯಾರೋ ಕಿತ್ತಿದ್ದಾರೆ, ಅದರ ಉದ್ದಗಲದ ಆಯತ ಉಳಿದಿದೆ. ಹೊಸ ಬಟ್ಟೆಯ ತುಂಡು ಹಚ್ಚಿ ಮುಚ್ಚಿಕೊಡುತ್ತೇನೆಂದರು ದರ್ಜಿ. ಬೇಡವೆಂದೆ.

ಉದ್ದ ಮೊಟಕು ಮಾಡುವುದೇ ನಿಮ್ಮ ತಲೆನೋವಾಗಿದ್ದರೆ ಸೋವಿಯತ್ ಸೈನಿಕರ ಶಿನೆಲ್ ಎಂಬ ಉಣ್ಣೆಯ ಉದ್ದ ಕೋಟು ನೋಡಿ. ಅದರ ಬಟ್ಟೆ ಎಷ್ಟು ಒತ್ತಾಗಿದೆಯೆಂದರೆ ಕೆಳ ಅಂಚನ್ನು ಮಡಿಸಿಯೇ ಇರುವುದಿಲ್ಲ; ನೇರವಾಗಿ ಕತ್ತರಿಸಿದರೆ ಕೆಲಸ ಮುಗಿಯಿತು. ತೂಕ ಹೊರುವ ಭುಜ ಮಾತ್ರ ನಿಮ್ಮದೇ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಅಂಕ ಕಳೆದದ್ದು ಲಾರ್ಜ್ ಒಳಪದರಕ್ಕೆ. ಕಾಲರಿನ ಜಿಪ್ಪು ಕತ್ತಿನ ಹಿಂಬದಿ ಕೊರೆಯುವುದಕ್ಕೆ ಅರ್ಧ ಅಂಕ ಕಳೆಯೋಣವೆಂದುಕೊಂಡಿದ್ದೆ. ಮಫ್ಲರ್ ಸುತ್ತಿಕೊಂಡ ಮೇಲೆ ಬಿಟ್ಟುಕೊಟ್ಟೆ.